ಕೌದಿಯ ತುತ್ತು

ಸನ್ನತಿಯಲ್ಲಿ ಯಾರ ಮನೆಯ ಹೆಣ್ಣುಮಗಳಿಗೆ ಮೂರು ತಿಂಗಳು ತುಂಬಿದರೂ ಹಳೆಯ ಸೀರೆಗಳ ಗಂಟೊಂದು ಭೀಮಬಾಯಿಯ ಕಟ್ಟೆಗೆ ಬಂದು ಬೀಳುತ್ತದೆ. ಡಾಕ್ಟರಿಗೆ ಸುದ್ದಿ ಮುಟ್ಟುವುದು ಆಮೇಲೆ. ಸೀರೆಗಳನ್ನು ಸೀಳಿ, ಒಂದರ ಮೇಲೊಂದು ಹಾಸಿ, ಭೀಮಾ ನದಿಯ ಕಡೆ ಮುಖಮಾಡಿ ಕೂತು ಅವಳು ಕೌದಿ ಹೊಲಿಯುತ್ತಾಳೆ. ತಪ್ಪು ಹುಡುಕಲು ಕೂತವರ ಕಣ್ಣು ನೋಯಬೇಕೇ ಹೊರತು ಅವಳ ಹೊಲಿಗೆಯಲ್ಲಿ ಒಂದು ಎಳೆ ಅತ್ತಿತ್ತ ಆಗಿದ್ದು ಸಿಗಲಿಕ್ಕಿಲ್ಲ.

ಇಷ್ಟಿದ್ದರೂ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಯಾರೂ ಒಳಗೆ ಕರೆಯುವುದಿಲ್ಲ. ಕೌದಿಯನ್ನು ಹೊಸ್ತಿಲಲ್ಲೇ ಇಸಿದುಕೊಂಡು, ಕೈಗೊಂದು ಕುಪ್ಪಸದ ಖಣ ಕೊಟ್ಟು, "ಊಟಕ್ಕ ಬರ್ರಿ ಮತ್ತ, ಮರೀಬ್ಯಾಡ್ರಿ" ಎಂದು ನಗುತ್ತಾರೆ. ಊಟಕ್ಕೆ ಬರಬೇಕು, ತೊಟ್ಟಿಲ ಹತ್ತಿರ ಬರಬಾರದು. ಅವಳೂ ನಗುತ್ತಾಳೆ. ಮೂವತ್ಮೂರು ವರ್ಷ ನಕ್ಕು ನಕ್ಕು ಆ ನಗು ಮುಖಕ್ಕೆ ಒಗ್ಗಿಹೋಗಿದೆ.

ಮೂವತ್ಮೂರು ವರ್ಷದ ಹಿಂದೆ ಅವಳ ಚೊಚ್ಚಲ ಗಂಡುಕೂಸು ಅರಿಸಿನ ಬಳಿದ ಹಾಗೆ ಹಳದಿಯಾಗಿ ಒಂಬತ್ತನೆಯ ದಿನ ತೀರಿಕೊಂಡಿತು. ಹೆಸರು ಕೂಡ ಇಟ್ಟಿರಲಿಲ್ಲ. ಎದುರು ಮನೆಯ ಭಾಗಮ್ಮ ಆಗ ಓಣಿಯ ಹಿರಿಯಳು, ಅವಳು ಆಡಿದ್ದೇ ಮಾತು. ಬಂದು ನೋಡಿದವಳು, "ತಾಯಿ ಹಾಲು ನಂಜಾಗ್ಯಾದ" ಎಂದುಬಿಟ್ಟಳು. ದ್ವೇಷದಿಂದ ಅಂದದ್ದಲ್ಲ. ಸತ್ತ ಕೂಸಿನ ಮನೆಗೆ ಹೋದಾಗ ಏನಾದರೂ ಅನ್ನಬೇಕಲ್ಲ, ಅಂದಳು, ಮನೆಗೆ ಹೋಗಿ ರೊಟ್ಟಿ ಬಡಿದಳು. ಆ ಮಾತು ಮಾತ್ರ ಭೀಮಬಾಯಿಯ ಮನೆಯಲ್ಲೇ ಉಳಿಯಿತು. ಎರಡು ವರ್ಷಕ್ಕೆ ಸುಜಾತಾ ಹುಟ್ಟಿದಾಗ ಪ್ರತಿ ಸಲ ಹಾಲೂಡುವಾಗಲೂ ಕೂಸಿನ ಕಣ್ಣಿನ ಬಿಳುಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸುಜಾತಾ ಆ ಹಾಲನ್ನೇ ಕುಡಿದು ಗುಂಡಗೆ ಬೆಳೆದಳು, ಬಿ.ಎಸ್ಸಿ., ಬಿ.ಎಡ್. ಮುಗಿಸಿದಳು, ವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಊರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಊರಿಗೆ ಒಂದು ಸಲ ಬಾಯಿಪಾಠವಾದದ್ದನ್ನು ಮರೆಸುವುದು ಯಾವ ಟೀಚರಿನ ಕೈಯಲ್ಲೂ ಆಗುವ ಕೆಲಸವಲ್ಲ.

ಆ ಸುಜಾತಾ ಮದುವೆಯಾಗಿ ಶಹಾಬಾದಿಗೆ ಹೋಗಿ, ಐದು ವರ್ಷದ ಮೇಲೆ ಬಸುರಾದ ಸುದ್ದಿ ಬಂದಾಗ ಭೀಮಬಾಯಿ ತನ್ನ ಸಂದೂಕದ ತಳದಿಂದ ಸೀರೆಗಳನ್ನು ತೆಗೆದಳು. ತನ್ನ ತಾಯಿಯದೊಂದು, ಅತ್ತೆಯದೊಂದು, ತನ್ನದೇ ಮದುವೆಯದೊಂದು. ತೊಟ್ಟಿಲ ಕೌದಿಗೆ ಬೇರೆಯವರ ಬಟ್ಟೆ ಹಾಕುವುದಿಲ್ಲ, ಮನೆತನದ ಹೆಂಗಸರು ಉಟ್ಟು ಹಳತು ಮಾಡಿದ್ದೇ ಆಗಬೇಕು. ಇನ್ನೊಂದು ಪದ್ಧತಿಯೂ ಇದೆ. ಕೌದಿಯ ಹೊಟ್ಟೆ ಬರಿದಿರಬಾರದು. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಹಿಡಿ ಜೋಳ ಹಾಕಿ ಹೊಲಿಯುತ್ತಾರೆ. ಅದಕ್ಕೆ ಕೌದಿಯ ತುತ್ತು ಎನ್ನುತ್ತಾರೆ. ಉಂಡ ಕೌದಿ ಕೂಸನ್ನು ಬೆಚ್ಚಗಿಡುತ್ತದೆ, ಹಸಿದ ಕೌದಿ ಕೂಸಿನ ನಿದ್ದೆ ತಿನ್ನುತ್ತದೆ. ತುತ್ತು ಹಾಕಿ ಹೊಲಿದ ಮೇಲೆ ಕೂಸು ಹೆಜ್ಜೆ ಇಡುವವರೆಗೆ ಆ ಕೌದಿಗೆ ಕತ್ತರಿ ತಾಗಿಸುವ ಹಾಗಿಲ್ಲ.

ತುತ್ತಿಗೆ ಶತ್ರು ಎಂದರೆ ಕಾಳು ತಿನ್ನುವ ನುಸಿ. ಬೇರೆಯವರ ಕೌದಿ ಹೊಲಿದ ವಾರದಲ್ಲೇ ಮನೆ ಬಿಟ್ಟು ಹೋಗುತ್ತದೆ, ಆಮೇಲೆ ನುಸಿ ಬಿದ್ದರೆ ಅವರ ಪಾಡು. ಇದು ಮಾತ್ರ ಮೊಮ್ಮಗನೋ ಮೊಮ್ಮಗಳೋ ಬರುವತನಕ ಆರು ತಿಂಗಳು ಮನೆಯಲ್ಲೇ ಇರಬೇಕಿತ್ತು. ಭೀಮಬಾಯಿ ಯೋಚಿಸಿದಳು. ಚಿತ್ತಾಪುರದ ಸಂತೆಯಿಂದ ಎರಡು ಡಾಂಬರ ಗುಳಿಗೆ ತಂದಳು. ಬಟ್ಟೆಗೆ ಹುಳ ಹತ್ತದಂತೆ ಇಡುವ, ಗೋಲಿಯಷ್ಟು ದಪ್ಪನೆಯ, ಮೂಗಿಗೆ ಹೊಡೆಯುವ ಬಿಳಿ ಉಂಡೆ. ಎರಡನ್ನೂ ಜೋಳದ ನಡುವೆ ಇಟ್ಟು ಮೂಲೆ ಮುಚ್ಚಿ ಹೊಲಿದುಬಿಟ್ಟಳು. ನಾಲ್ಕು ಪದರ ಬಟ್ಟೆಯ ಒಳಗೆ ಅವು ಇವೆಯೆಂದು ಗೊತ್ತಿದ್ದುದು ಅವಳೊಬ್ಬಳಿಗೇ. ಇಷ್ಟು ವರ್ಷ ಯಾರಿಗೂ ಹೊಳೆಯದ ಉಪಾಯ ತನಗೆ ಹೊಳೆಯಿತೆಂದು ಆ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಸುಜಾತಾ ತವರಿಗೆ ಬಂದು, ಚಿತ್ತಾಪುರದ ದವಾಖಾನೆಯಲ್ಲಿ ಗಂಡು ಹೆತ್ತಳು. ಐದನೆಯ ದಿನದ ಪೂಜೆಗೆ ಕೂಸನ್ನು ಮೊದಲ ಸಲ ಆ ಕೌದಿಯಲ್ಲಿ ಸುತ್ತಿದರು. ಏಳನೆಯ ದಿನ ಮುಂಜಾನೆ ಕೂಸಿನ ಮೈಗೆ ಎಣ್ಣೆ ಹಚ್ಚಲು ಹೋದ ಭೀಮಬಾಯಿ ಹೊಕ್ಕುಳದ ಸುತ್ತ ಬೆರಳಿಟ್ಟು ಒತ್ತಿದಳು. ಬೆರಳು ತೆಗೆದ ಜಾಗ ಹಳದಿ. ಎದುರು ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಎಂಬತ್ತು ದಾಟಿದ ಭಾಗಮ್ಮ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಮುಂದಿನದು ಗಡಿಬಿಡಿ. ಗಂಡ ಭಾಗಣ್ಣ ಯಾರದೋ ಜೀಪು ತಂದ. ಅಳಿಯ ಉದಯಕುಮಾರ ಶಹಾಬಾದಿನಲ್ಲಿ ಕಲ್ಲು ಕೊರೆಯುವ ಮಷೀನಿನ ಮೇಲೆ ಕೆಲಸ ಮಾಡುವವನು. ಅವನೇ ಫೋನಿನಲ್ಲಿ, "ಇಲ್ಲಿ ಮಕ್ಕಳ ದವಾಖಾನಿ ಛಲೋ ಅದ, ಸೀದಾ ಬರ್ರಿ" ಎಂದ. ಅವರು ಬಂದು ಇಳಿಯುವಾಗ ಗೇಟಿನ ಮುಂದೆ ನಿಂತಿದ್ದ, ತಲೆಗೂದಲು ಮೀಸೆಯೆಲ್ಲ ಕಲ್ಲಿನ ಪುಡಿ. ಡಾಕ್ಟರ್ ಪ್ರೀತಿ ಕೂಸಿನ ರಕ್ತ ತೆಗೆಸಿ, ನೀಲಿ ದೀಪದ ಕೆಳಗೆ ಮಲಗಿಸಿದರು. ರಕ್ತದಲ್ಲಿ ಹಳದಿ ಹದಿನೆಂಟಿತ್ತು. ಎರಡು ದಿನಕ್ಕೆ ಹನ್ನೊಂದಕ್ಕೆ ಇಳಿಯಿತು. ಕೂಸು ಬೈದು ಅಳುವಷ್ಟು ಗಟ್ಟಿಯಾಯಿತು. ಹತ್ತನೆಯ ದಿನ ಕೂಸನ್ನು ಎದೆಗಪ್ಪಿಕೊಂಡು ಜೀಪು ಹತ್ತಿದಾಗ ಭೀಮಬಾಯಿ ದಾರಿಯುದ್ದಕ್ಕೂ ಕಂಡ ಗುಡಿ, ದರ್ಗಾ, ಯಾವುದನ್ನೂ ಬಿಡದೆ ಕೈಮುಗಿದಳು. ಒಂಬತ್ತನೆಯ ದಿನ ದಾಟಿತ್ತಲ್ಲ.

ಗಡಿಬಿಡಿಯಲ್ಲಿ ಕೌದಿ ಊರಲ್ಲೇ ಉಳಿದಿತ್ತು. ಮನೆಗೆ ಬಂದ ಕೂಡಲೇ ಕೂಸನ್ನು ಅದರಲ್ಲಿ ಸುತ್ತಿ, "ನಿನ್ನ ಬಿಟ್ಟು ಹೋಗಿದ್ದೆವು ನೋಡು, ಅದಕ್ಕೇ ಸಿಟ್ಟಾಗಿದ್ದಿ" ಎಂದು ಕೌದಿಗೂ ಒಂದು ಮಾತು ಹೇಳಿದಳು.

ಮೂರೇ ದಿನ. ಕೂಸು ಮತ್ತೆ ಹಳದಿಯಾಯಿತು. ಈ ಸಲ ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತ್ತು. ತುಟಿ ಬಿಳಚಿತ್ತು. ಹಾಲು ಚೀಪಲು ಕೂಡ ತ್ರಾಣವಿಲ್ಲದೆ ಬಾಯಿ ಬಿಟ್ಟು ಮಲಗಿತ್ತು. ಜೀಪು ಹತ್ತುವಾಗ ಓಣಿಯ ಯಾರೋ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಭೀಮಬಾಯಿಯ ಕಿವಿಗೂ ಬಿತ್ತು: "ತಾಯಿದು ಆಗಿತ್ತು, ಈಗ ಮಗಳ ಹಾಲೂ ಹಂಗೇ ಆಗ್ಯಾದ." ಸುಜಾತಾಳ ಕಿವಿಗೂ ಬಿದ್ದಿರಬೇಕು. ಅವಳು ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಭೀಮಬಾಯಿ ಮಗಳ ಆ ಕೈ ನೋಡಿದಳು. ಈ ಸಲ ಕೌದಿ ಮರೆಯಲಿಲ್ಲ.

ಶಹಾಬಾದಿನಲ್ಲಿ ಲೆಕ್ಕ ಇಪ್ಪತ್ತೊಂದು ಬಂತು. ಡಾಕ್ಟರ್ ಪ್ರೀತಿ ಚಿಕ್ಕ ವಯಸ್ಸಿನವರು, ಮುಖದಲ್ಲಿ ಏನನ್ನೂ ಮುಚ್ಚಿಡಲು ಬರದವರು.

"ದೀಪದ ಕೆಳಗ ಇಡ್ತೀವಿ. ನಾಳಿ ಮುಂಜಾನಿ ತನಕ ಇಳೀಲಿಲ್ಲಂದ್ರ ಕಲಬುರಗಿಗಿ ಕಳಸಬೇಕಾಗ್ತದ. ಮೈಯಾಗಿನ ರಕ್ತಾನೇ ಬದಲಿ ಮಾಡಬೇಕು. ಈ ಹಳದಿ ಮಿದುಳಿಗಿ ಏರಬಾರದು ನೋಡ್ರಿ, ಏರಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಭೀಮಬಾಯಿಯ ಕಡೆ ತಿರುಗಿ ಕೇಳಿದರು: "ಬಟ್ಟಿ ಇಡೋ ಸಂದೂಕದಾಗ ಡಾಂಬರ ಗುಳಿಗಿ ಇಡ್ತೀರೇನ್ರಿ?"

"ಇಲ್ರಿ ಡಾಕ್ಟರಬಾಯಿ. ನಾ ಬೇವಿನ ಸೊಪ್ಪು ಇಡ್ತೀನಿ" ಎಂದಳು ಭೀಮಬಾಯಿ.

ಅದು ಸುಳ್ಳಲ್ಲ. ಕೇಳಿದ್ದು ಸಂದೂಕದ ಮಾತು, ಹೇಳಿದ್ದೂ ಸಂದೂಕದ ಮಾತೇ. ಹೊಲಿದು ಮುಚ್ಚಿದ ತುತ್ತು ಅವಳ ಮನಸ್ಸಿನಲ್ಲಿ ಕೌದಿಯೇ ಆಗಿಹೋಗಿತ್ತು. ಅದರೊಳಗೆ ಇನ್ನೇನೋ ಇದೆ ಎಂಬ ನೆನಪು ಅತ್ತ ಸುಳಿಯಲಿಲ್ಲ. ಮನೆಯವರ ಮೂಗಿಗೆ ಆ ವಾಸನೆ ಆರು ತಿಂಗಳಿಂದ ರೂಢಿಯಾಗಿತ್ತು. ದವಾಖಾನೆಯವರ ಮೂಗಿಗೋ ಫಿನಾಯಿಲಿನ ವಾಸನೆ ಬಿಟ್ಟು ಬೇರೆ ಯಾವುದೂ ಹತ್ತುತ್ತಿರಲಿಲ್ಲ. ಕೂಸಿಗೆ ಹಾಲೂಡಿಸಲು ದೀಪದಿಂದ ತೆಗೆದಾಗೆಲ್ಲ ಭೀಮಬಾಯಿ ಅದನ್ನು ಕೌದಿಯಲ್ಲಿ ಬೆಚ್ಚಗೆ ಸುತ್ತಿ ಮಗಳ ಮಡಿಲಿಗೆ ಕೊಡುತ್ತಿದ್ದಳು. ಸಂಜೆ ನಾಲ್ಕಕ್ಕೆ ಮತ್ತೆ ನೋಡಿದಾಗ ಲೆಕ್ಕ ಇಪ್ಪತ್ತೊಂದೂವರೆ.

ರಕ್ತ ತೆಗೆಯಲು ಬಂದಿದ್ದವಳು ಶಗುಫ್ತಾ. ವಾಡಿಯ ಹುಡುಗಿ, ಇಪ್ಪತ್ಮೂರು ವರ್ಷ, ಲ್ಯಾಬಿನ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಬಾಯಿ ಸ್ವಲ್ಪ ಜೋರು. ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದವಳು ಮಂಚದ ಮೇಲಿದ್ದ ಸುಜಾತಾಳನ್ನು ಕಂಡು ಹಾಗೇ ನಿಂತುಬಿಟ್ಟಳು.

"ಟೀಚರ್! ನಾ ಶಗುಫ್ತಾ ರೀ. ನಿಮ್ಮ ಮೊದಲನೇ ಬ್ಯಾಚು. ಜೀವಕೋಶದ ಚಿತ್ರ ತೆಗೀರಿ ಅಂದ್ರ ನಾ ಹತ್ತಿ ಹೂವು ತೆಗೆದೀನಿ ಅಂತ ಬೆಂಚಿನ ಮ್ಯಾಲ ನಿಲ್ಲಿಸಿದ್ರಿ, ನೆನಪದ ಏನ್ರಿ?"

ಸುಜಾತಾಳಿಗೆ ಅಳುವಿನ ನಡುವೆ ನಗು ಬಂತು. ನಕ್ಕಿದ್ದೇ ತಡ, ಕಟ್ಟೆಯೊಡೆದು ಅತ್ತಳು. "ಶಗುಫ್ತಾ, ನನ್ನ ಹಾಲಿಂದ ಕೂಸಿಗಿ ಹಿಂಗಾಗ್ಯಾದ ಅಂತಾರ" ಎಂದಳು. ವಿಜ್ಞಾನ ಕಲಿಸುವ ಟೀಚರು, ಎಂಟು ವರ್ಷ ಹಲಗೆಯ ಮೇಲೆ ಕಿಣ್ವ, ಪ್ರೋಟೀನು ಎಂದು ಸುಣ್ಣದ ಪುಡಿ ತಿಂದವಳು, ಆ ಹೊತ್ತಿನಲ್ಲಿ ಓಣಿಯ ಹೆಂಗಸಿನ ಮಾತನ್ನೇ ನಂಬಿ ಕೂತಿದ್ದಳು.

ಶಗುಫ್ತಾ ಮಂಚಕ್ಕೆ ತೂಗಿದ್ದ ಹಿಂದಿನ ಲೆಕ್ಕದ ಕಾಗದ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಹೋದ ಸಲ ಇಲ್ಲಿದ್ದಾಗ ಕೂಸು ಏನು ಕುಡೀತು ರೀ?"

"ನನ್ನ ಹಾಲೇ."

"ಆವಾಗ ಇಳೀತಲ್ಲ? ಇಲ್ಲೂ ಅದೇ ಹಾಲು, ಅಲ್ಲೂ ಅದೇ ಹಾಲು. ದವಾಖಾನ್ಯಾಗ ಅಮೃತ, ಊರಾಗ ವಿಷ ಆಗ್ಲಿಕ್ಕೆ ಅದೇನು ಎಲೆಕ್ಷನ್ ಭಾಷಣ ಏನ್ರಿ? ಹಾಲು ಕೊಡ್ರಿ ಸುಮ್ಮನ."

ಭೀಮಬಾಯಿ ತಲೆಯೆತ್ತಿ ಆ ಹುಡುಗಿಯನ್ನು ನೋಡಿದಳು. ಇಷ್ಟು ಸಣ್ಣ ಲೆಕ್ಕ ಮೂವತ್ಮೂರು ವರ್ಷದಲ್ಲಿ ಯಾರೂ ಹಾಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶಗುಫ್ತಾ ಲ್ಯಾಬಿನ ಬಾಗಿಲಿಂದ ಕೂಗಿದಳು. "ಟೀಚರ್, ಒಂದು ತೋರಿಸ್ತೀನಿ, ಬರ್ರಿ." ಕೂಸು ಅಷ್ಟರಲ್ಲಿ ಮತ್ತೆ ದೀಪದ ಕೆಳಗಿತ್ತು. ಸುಜಾತಾಳ ಹಿಂದೆ ಭೀಮಬಾಯಿ, ಅವಳ ಹಿಂದೆ ಉದಯಕುಮಾರ. ಕೌದಿ ಭೀಮಬಾಯಿಯ ಹೆಗಲ ಮೇಲೆ. ಸೂಕ್ಷ್ಮದರ್ಶಕದಲ್ಲಿ ಮೊದಲು ಸುಜಾತಾ ನೋಡಿದಳು. ಉಸಿರು ಒಳಗೆಳೆದುಕೊಂಡಳು. ಆಮೇಲೆ ಶಗುಫ್ತಾ, "ನೀವೂ ನೋಡ್ರಿ ಅಮ್ಮಾ, ನಿಮ್ಮ ಮೊಮ್ಮಗಂದೇ" ಎಂದು ಭೀಮಬಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದಳು.

ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ತೆಳುಗೆಂಪಿನ ದುಂಡು ದುಂಡು ಚೂರುಗಳು. ಕೆಲವು ದುಂಡಗಿದ್ದವು, ಕೆಲವಕ್ಕೆ ಒಂದು ಬದಿಯ ಅಂಚೇ ಇರಲಿಲ್ಲ.

"ಯಾರೋ ಕಚ್ಚಿಟ್ಟ ರೊಟ್ಟಿ ಇದ್ದಂಗ ಅವ" ಎಂದಳು.

"ಹತ್ತು ವರ್ಷ ಓದಿದ್ರೂ ಇಷ್ಟು ಛಂದ ಹೇಳ್ಲಿಕ್ಕೆ ಬರಂಗಿಲ್ಲ!" ಎಂದಳು ಶಗುಫ್ತಾ. "ಪುಸ್ತಕದಾಗೂ ಕಚ್ಚಿದ ಕಣ ಅಂತಾನೇ ಹೆಸರು. ಡಾಕ್ಟರಿಗಿ ತೋರಿಸೀನಿ. ಅವರಿಗಿ ಮೊದಲೇ ಅನುಮಾನ ಇತ್ತು. ಖಾತ್ರಿಗಿ ಕಲಬುರಗಿಗಿ ರಕ್ತ ಕಳಿಸಲಿಕತ್ತಾರ."

"ಕಚ್ಚಿದ್ದು ಯಾರು?"

ಶಗುಫ್ತಾ ಟೀಚರಿನ ಮುಖ ನೋಡಿದಳು. ಸುಜಾತಾ ಮೂಗು ಒರೆಸಿಕೊಂಡು ನೆಟ್ಟಗೆ ನಿಂತಳು. ಪಾಠ ಶುರುಮಾಡುವ ಹಾಗೆಯೇ ನಿಂತಳು.

"ಯವ್ವಾ, ರಕ್ತದ ಒಂದೊಂದು ಕಣದಾಗೂ ಉಸಿರು ಹೊರೋ ಒಂದು ಪದಾರ್ಥ ಇರ್ತದ, ಹಿಮೋಗ್ಲೋಬಿನ್. ಅದು ಕೆಟ್ಟು ಗಂಟು ಕಟ್ಟಿತಂದ್ರ, ಹೊಟ್ಟ್ಯಾಗ ಗುಲ್ಮ ಅಂತ ಅದಲ್ಲ, ಅದು ಆ ಕೆಟ್ಟ ಗಂಟು ಕಚ್ಚಿ ತೆಗೀತದ. ಭಾಳ ಕಚ್ಚಿಸಿಕೊಂಡ ಕಣ ಒಡೀತದ. ಒಡೆದದ್ದೇ ಈ ಹಳದಿ."

"ಕೆಡೋದ್ಯಾಕ?"

"ಕೆಡಬಾರದು ಅಂತ ಕಾಯಲಿಕ್ಕೆ ಕಣದಾಗ ಒಂದು ಕಿಣ್ವ ಅದ. ಕಿಣ್ವ ಅಂದ್ರ ಪ್ರೋಟೀನು, ಪ್ರೋಟೀನು ಅಂದ್ರ ಮಣಿ ಪೋಣಿಸಿದ ಸರ. ಈ ಕಿಣ್ವದ ಸರದಾಗ ಐದುನೂರಾ ಹದಿನೈದು ಮಣಿ. ಸರ ಸುಮ್ಮನ ಉದ್ದಕ ಬಿದ್ದಿರಂಗಿಲ್ಲ, ತನ್ನ ತಾನೇ ಮಡಚಿಕೊಂಡು ಒಂದು ಆಕಾರಕ್ಕ ಬರ್ತದ. ಕೆಲಸ ಮಾಡೋದು ಆ ಆಕಾರ. ಒಂದೇ ಒಂದು ಮಣಿ ಬ್ಯಾರೆ ಬಿತ್ತಂದ್ರೂ ಮಡಿಕಿ ಸಡಿಲ ಆಗ್ತದ."

ಭೀಮಬಾಯಿಗೆ ಇದು ಅರ್ಥವಾಯಿತು. ಒಂದು ಹೊಲಿಗೆ ಸಡಿಲ ಬಿದ್ದ ಕೌದಿ ನೋಡಲು ಚೆನ್ನಾಗೇ ಇರುತ್ತದೆ, ನಾಲ್ಕು ಸಲ ಒಗೆದಾಗ ಗೊತ್ತಾಗುತ್ತದೆ. "ಹಂಗಾದ್ರ ಹರಿದದ್ದು ಬಿಟ್ಟು ಹೊಸಾದು ಮಾಡಿಕೊಳ್ಳಬೇಕಪ್ಪ ಆ ಕಣ" ಎಂದಳು.

"ಅಲ್ಲೇ ಅದ ತಕರಾರು" ಎಂದಳು ಶಗುಫ್ತಾ. "ಕೆಂಪು ಕಣ ಎಲುಬಿನಾಗ ಹುಟ್ಟಿ ಹೊರಗ ಬರುವಾಗ, ಹೊಸಾ ಪ್ರೋಟೀನು ಮಾಡೋ ಸಾಮಾನೆಲ್ಲ ಅಲ್ಲೇ ಬಿಟ್ಟು ಬರ್ತದ. ಮುಂದ ನಾಕು ತಿಂಗಳು ತಂದದ್ದರಾಗೇ ಬಾಳೇವು."

"ತವರು ಬಿಟ್ಟ ಮದುಮಗಳು" ಎಂದಳು ಭೀಮಬಾಯಿ ಮೆಲ್ಲಗೆ. "ಸಂದೂಕದಾಗ ಕೊಟ್ಟಿದ್ದು ಎಷ್ಟೋ ಅಷ್ಟೇ. ವಾಪಸ್ ಹೋಗಿ ಬೇಡಂಗಿಲ್ಲ."

"ಹಂಗೇ. ತವರಿನ ಮಾತು ಬಂದದ್ದೂ ಖರೇ ಅದ" ಎಂದಳು ಸುಜಾತಾ. ಅವಳ ದನಿ ತಗ್ಗಿತು. "ಆ ಬ್ಯಾರೆ ಮಣಿ ತಾಯಿ ಕಡಿಂದ ಬರ್ತದ. ಹೆಣ್ಣಿಗಿ ಎರಡು ಪ್ರತಿ ಇರ್ತಾವ, ಒಂದು ಕೆಟ್ರ ಇನ್ನೊಂದು ಹೊರ್ತದ. ಗಂಡಿಗಿ ಒಂದೇ. ನನಗ ನಿನ್ನಿಂದ ಬಂದಿರಬೇಕು. ನಾ ಬದುಕಿದೆ, ನೀನೂ ಬದುಕಿದಿ. ಅಣ್ಣ..." ಎಂದು ನಿಲ್ಲಿಸಿದಳು. ಅಣ್ಣ ಎಂಬ ಮಾತನ್ನು ಆ ಮನೆಯಲ್ಲಿ ಇದುವರೆಗೆ ಯಾರೂ ಆಡಿರಲಿಲ್ಲ.

ಭೀಮಬಾಯಿ ಮೇಜಿನ ಅಂಚು ಹಿಡಿದುಕೊಂಡಳು. ಉದಯಕುಮಾರನೇ ಕೇಳಿದ: "ಹುಟ್ಟಿನಿಂದ ಇದ್ದದ್ದು ಈಗ್ಯಾಕ ಕೆಟ್ಟದ್ರಿ?"

"ಸುಮ್ಮನಿದ್ರ ಆ ಸಡಿಲ ಮಡಿಕಿನೂ ನಡೀತದ್ರಿ ಭೈಯಾ. ಹೊರಗಿಂದ ಒಂದು ಕಾಟ ಬಿದ್ರ ತಡಿಯಂಗಿಲ್ಲ. ಕೆಲವು ಮಾತ್ರಿ ಅವ. ಅದು ಬಿಟ್ರ ಡಾಂಬರ ಗುಳಿಗಿ. ತಿನ್ನೋದೂ ಬ್ಯಾಡ, ಅದರ ವಾಸನಿ ಹತ್ತಿದ ಬಟ್ಟಿ ಹೊದಿಸಿದ್ರ ಸಾಕು, ಕೂಸಿನ ಮೂಗಿನಾಗ, ತೊಗಲಿನಾಗ ಹೋಗಿ ಸೇರ್ತದ. ಅದಕ್ಕೇ ಡಾಕ್ಟರ್ ಕೇಳಿದ್ದು. ನಿಮ್ಮ ಮನ್ಯಾಗ ಇಲ್ಲಂದ್ರಿ, ಹಂಗಾಗಿ ಅವರಿಗೂ ದಾರಿ ಸಿಗಲಿಲ್ಲ."

ಹೆಗಲ ಮೇಲಿನ ಕೌದಿ ಆಗ ಭೀಮಬಾಯಿಗೆ ಭಾರವಾಯಿತು.

ಯಾರೂ ಅವಳನ್ನು ನೋಡುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ, ಕೌದಿಯನ್ನು ಶಹಾಬಾದಿನ ಯಾವುದೋ ಕಲ್ಲಿನ ಖಣಿಗೆ ಎಸೆದು ಬಂದರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಕೂಸೂ ಉಳಿಯುತ್ತದೆ, ಮುಖವೂ ಉಳಿಯುತ್ತದೆ. ಇದು ಅವಳಿಗೆ ಹೊಳೆಯಲಿಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಹೊಳೆಯಿತು, ಸ್ಪಷ್ಟವಾಗಿಯೇ ಹೊಳೆಯಿತು. ಒಂದು ಕೂಸಿನ ಸಾವನ್ನು ಹೊತ್ತವಳು, ಇನ್ನೊಂದು ಕೂಸಿನ ಜಡ್ಡನ್ನೂ ತಾನೇ ಮಾಡಿದೆ ಎಂದು ಅಳಿಯನ ಮುಂದೆ ಹೇಗೆ ಹೇಳುತ್ತಾಳೆ? ಆದರೆ ಡಾಕ್ಟರಿಗೆ ದಾರಿ ಸಿಗಲಿಲ್ಲ ಎಂದು ಆ ಹುಡುಗಿ ಅಂದದ್ದು ಕಿವಿಯಲ್ಲೇ ನಿಂತಿತ್ತು. ನಿಜ ಗೊತ್ತಿಲ್ಲದೆ ಒಬ್ಬ ಹೆಂಗಸು ಏನೇನು ಹೊರುತ್ತಾಳೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ತಾನು ಸುಮ್ಮನಾದರೆ ಸುಜಾತಾ ಜೀವನಪೂರ್ತಿ ತನ್ನ ಎದೆಯನ್ನೇ ಬೈದುಕೊಳ್ಳುತ್ತಾಳೆ.

"ಗುಳಿಗಿ ಅವ" ಎಂದಳು. "ಇದರಾಗ ಅವ. ತುತ್ತಿನಾಗ. ನಾನೇ ಇಟ್ಟು ಹೊಲಿದೀನಿ."

ಶಗುಫ್ತಾ ಕೌದಿಯ ಮೂಲೆಯನ್ನು ಮೂಗಿಗೆ ಹಿಡಿದಳು, ಥಟ್ಟನೆ ತೆಗೆದಳು. ಮೇಜಿನ ಮೇಲಿದ್ದ ಕತ್ತರಿ ಮುಂದೆ ಹಿಡಿದಳು. ಭೀಮಬಾಯಿ ಕತ್ತರಿ ತೆಗೆದುಕೊಂಡಳು. ಕೂಸು ಹೆಜ್ಜೆ ಇಡುವ ಮೊದಲು ತೊಟ್ಟಿಲ ಕೌದಿಗೆ ಕತ್ತರಿ ತಾಗಿಸಿದವಳು ತಮ್ಮ ಮನೆತನದಲ್ಲಿ ಇರಲಿಲ್ಲ. ತಾಯಿಯ ಸೀರೆಯ ತುಂಡು, ಅತ್ತೆಯ ಸೀರೆಯ ತುಂಡು, ಎರಡನ್ನೂ ಕೂಡಿಸಿ ಕತ್ತರಿಸಿದಳು. ಜೋಳ ಮೇಜಿನ ಮೇಲೆ ಉದುರಿತು. ಒಂದು ಕಾಳಿಗೂ ನುಸಿ ಬಿದ್ದಿರಲಿಲ್ಲ. ಕಾಳಿನ ನಡುವೆ ಎರಡು ಬಿಳಿ ಹರಳು. ಗೋಲಿಯಷ್ಟಿದ್ದವು ಕಡಲೆಕಾಳಿನಷ್ಟಾಗಿದ್ದವು. ಉಳಿದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಉದಯಕುಮಾರ ಮುಂದೆ ಬಂದ. ಬೈಯುತ್ತಾನೆಂದು ಭೀಮಬಾಯಿ ತಲೆ ಬಗ್ಗಿಸಿ ಕಾದಳು, ಬೈದರೆ ಬೈಸಿಕೊಳ್ಳಬೇಕು ಎಂದೇ ಕಾದಳು. ಅವನು ಒಂದು ಪ್ಲಾಸ್ಟಿಕ್ ಚೀಲ ತೆಗೆದು ಕೌದಿಯನ್ನೂ ಕಾಳನ್ನೂ ಅದರೊಳಗೆ ತುರುಕಿ ಬಾಯಿ ಬಿಗಿದು ಕಟ್ಟಿದ. ಆಮೇಲೆ ಅಂದ: "ಅತ್ತೀ, ನೀವು ಹೇಳಿದ್ರಿ. ಹೇಳದೇ ಇದ್ದಿದ್ರ ನಾ ಏನ್ ಮಾಡ್ತಿದ್ದೆ?" ಕಲ್ಲಿನ ಪುಡಿ ಹತ್ತಿದ ತನ್ನ ಕೈಯಿಂದ ಅವಳ ಕೈ ಹಿಡಿದು ಸ್ಟೂಲಿನಿಂದ ಎಬ್ಬಿಸಿದ.

ಅಂದು ಸಂಜೆಯೇ ಕೂಸಿನ ಮೈ ಒರೆಸಿ, ಕೌದಿ ತಾಗಿದ ಬಟ್ಟೆಯನ್ನೆಲ್ಲ ಬದಲಿಸಿದರು. ದೀಪದ ಕೆಳಗೆ ಕೂಸು, ದೀಪದ ಪಕ್ಕದಲ್ಲಿ ಭೀಮಬಾಯಿ. ಮರುದಿನ ಮುಂಜಾನೆ ಶಗುಫ್ತಾ ಲ್ಯಾಬಿನಿಂದ ಓಡಿಬಂದಳು. ದವಾಖಾನೆಯಲ್ಲಿ ಓಡಬಾರದೆಂದು ಗೋಡೆಗೆ ಬರೆದದ್ದು ಅವಳಿಗಲ್ಲ. "ಹತ್ತೊಂಬತ್ತು!" ಎಂದಳು. ಸಂಜೆಗೆ ಹದಿನಾರು. ಅದರ ಮರುದಿನ ಹನ್ನೆರಡು. ರಕ್ತ ಬದಲಿಸುವ ಮಾತೇ ಬರಲಿಲ್ಲ. ಕಲಬುರಗಿಯ ವರದಿಯೂ ಬಂತು. ಕಿಣ್ವ ಕಡಿಮೆ ಎಂದೇ ಇತ್ತು.

ಡಾಕ್ಟರ್ ಪ್ರೀತಿ ಒಂದು ಚೀಟಿ ಬರೆದುಕೊಟ್ಟರು. ಯಾವ ಯಾವ ಮಾತ್ರೆ ಕೂಡದು, ಯಾವ ವಾಸನೆ ಕೂಡದು, ಯಾವ ಡಾಕ್ಟರಿಗೂ ಮೊದಲು ಇದನ್ನು ತೋರಿಸಬೇಕು ಎಂದು. "ಇಷ್ಟು ಸಂಭಾಳಿಸಿದ್ರ ಇವನಿಗಿ ಏನೂ ಆಗಂಗಿಲ್ಲ. ಎಲ್ಲರಂಗ ಬೆಳೀತಾನ. ಹಾಲು ಮಾತ್ರ ಬಿಡಿಸಬ್ಯಾಡ್ರಿ" ಎಂದರು.

ಮನೆಗೆ ಹೊರಡುವ ಮೊದಲು ಭೀಮಬಾಯಿ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಶಗುಫ್ತಾ ಒಬ್ಬಳೇ ಚಹಾ ಕುಡಿಯುತ್ತಿದ್ದಳು.

"ಬರ್ರಿ ಅಮ್ಮಾ, ಕುಂದ್ರಿ."

"ಕುಂದ್ರಂಗಿಲ್ಲವ್ವ. ಒಂದು ಮಾತು ಕೇಳಬೇಕಿತ್ತು. ನನ್ನ ಮೊದಲಿನ ಕೂಸು..." ಎಂದು, ಅದರ ಹಳದಿಯನ್ನೂ ಒಂಬತ್ತನೆಯ ದಿನವನ್ನೂ ಹೇಳಿದಳು. "ಅದಕ್ಕೂ ಇದೇ ಆಗಿತ್ತೇನು?"

ಶಗುಫ್ತಾ ಕಪ್ಪು ಕೆಳಗಿಟ್ಟಳು. ಅವಳ ಜೋರುಬಾಯಿ ಆಗ ಎಲ್ಲಿ ಹೋಗಿತ್ತೋ. "ಆ ಕೂಸಿನ ರಕ್ತ ಯಾರೂ ನೋಡಿಲ್ಲಮ್ಮಾ. ಇದೇ ಅಂತ ನಾ ಹೆಂಗ ಹೇಳ್ಲಿ? ಇರಬಹುದು. ಇದಿದ್ದ ಕೂಸಿಗಿ ಗುಳಿಗಿ ಇಲ್ಲದೇನೂ ಒಮ್ಮೊಮ್ಮೆ ಹಳದಿ ಏರ್ತದ."

"ಮತ್ತ ಹಾಲು? ನನ್ನ ಹಾಲು ನಂಜಾಗಿತ್ತಂತ..."

"ಹಾಲು ನಂಜಾಗೋದು ಅನ್ನೋದೇ ಇಲ್ಲಮ್ಮಾ. ಅದು ಖಾತ್ರಿ ಹೇಳ್ತೀನಿ. ಅಲ್ಲಾಹನ ಆಣಿ, ನಿಮ್ಮ ಹಾಲಿಗಿ ಏನೂ ಆಗಿದ್ದಿಲ್ಲ."

ಭೀಮಬಾಯಿ ಬಾಗಿಲ ಚೌಕಟ್ಟು ಹಿಡಿದು ಅತ್ತಳು. ಸತ್ತ ಕೂಸಿಗಾಗಿ ಅವಳು ಇಷ್ಟು ವರ್ಷ ಮನಸ್ಸುಬಿಚ್ಚಿ ಅತ್ತಿರಲಿಲ್ಲ. ಕೊಂದವಳಿಗೆ ಅಳುವ ಹಕ್ಕು ಎಲ್ಲಿಯದು ಎಂದು ಅಳು ನುಂಗಿದ್ದಳು. ಈಗ ತಾಯಿಯಾಗಿ ಅತ್ತಳು. ಶಗುಫ್ತಾ ಬಂದು ಅಪ್ಪಿಕೊಂಡಳು. ಅತ್ತು ಮುಗಿದ ಮೇಲೆ ಭೀಮಬಾಯಿ ಮೂಗು ಒರೆಸಿಕೊಂಡು ಒಂದು ವಿಚಿತ್ರ ಮಾತು ಕೇಳಿದಳು.

"ನಿನ್ನ ಹತ್ರ ಹಳೇದೊಂದು ದುಪಟ್ಟಾ ಅದ ಏನವ್ವ? ಅರಿವಿ ಮೆತ್ತಗ ಆಗಿರಬೇಕು. ಗುಳಿಗಿ ಇಟ್ಟದ್ದು ಬ್ಯಾಡ ಮತ್ತ!"

"ಅದ್ಯಾಕಮ್ಮಾ?"

"ಹೊಸಾ ಕೌದಿ ಹೊಲೀಬೇಕಲ್ಲ. ಮನಿತನದ ಹೆಂಗಸರ ಬಟ್ಟಿನೇ ಬೇಕು."

ಶಗುಫ್ತಾ ಅರ್ಥವಾಗದೆ ಸುಜಾತಾಳನ್ನು ಕೇಳಿದ್ದು, ಸುಜಾತಾ ಆ ಪದ್ಧತಿ ಹೇಳಿದ್ದು, ಆಮೇಲೆ ಆ ಹುಡುಗಿ ಮುಖ ಆ ಕಡೆ ತಿರುಗಿಸಿಕೊಂಡದ್ದು, ಎಲ್ಲ ನಡೆಯಿತು. ಮರುವಾರ ಉದಯಕುಮಾರನ ಕೈಯಲ್ಲಿ ಎಳೆಹಸಿರಿನ ದುಪಟ್ಟಾ ಸನ್ನತಿಗೆ ಬಂತು. ಜೊತೆಗೆ ಸುಜಾತಾಳ ಎರಡು ಹತ್ತಿ ಸೀರೆ, ಹಲಗೆಯ ಸುಣ್ಣದ ಪುಡಿ ಇನ್ನೂ ಸೆರಗಿನಲ್ಲಿತ್ತು. ಭೀಮಬಾಯಿ ಎಲ್ಲವನ್ನೂ ಕುದಿಸಿ, ಹೊಳೆಯಲ್ಲಿ ಒಗೆದು, ಬಿಸಿಲಿಗೆ ಹಾಕಿ, ಹನ್ನೊಂದು ದಿನದಲ್ಲಿ ಹೊಲಿದಳು. ಮೂಲೆಯಲ್ಲಿ ಒಂದು ಹಿಡಿ ಜೋಳ, ಬರೀ ಜೋಳ. ನುಸಿ ಬಿದ್ದರೆ ಬೀಳಲಿ, ಅದಕ್ಕೂ ಒಂದು ಹೊಟ್ಟೆ ಇದೆ. ಆ ಮೂಲೆಯ ಮೇಲೆ ಗುಂಡಿ ಹಚ್ಚಿ ಒಂದು ಕಿಸೆ ಮಾಡಿ, ಡಾಕ್ಟರ್ ಕೊಟ್ಟ ಚೀಟಿಯ ನಕಲನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಅದರೊಳಗೆ ಹಾಕಿದಳು.

ಕೂಸಿಗೆ ಒಂದೂವರೆ ತಿಂಗಳಾದಾಗ ಸನ್ನತಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರೆಲ್ಲ ಬಂದರು. ಭಾಗಮ್ಮನನ್ನು ಇಬ್ಬರು ಹಿಡಿದು ತಂದು ಗೋಡೆಗೆ ಆನಿಸಿ ಕೂರಿಸಿದರು. ಶಗುಫ್ತಾ ವಾಡಿಯಿಂದ ಬಸ್ಸು ಹಿಡಿದು ಬಂದಿದ್ದಳು. ತನ್ನ ದುಪಟ್ಟಾದ ಹಸಿರು ಕೌದಿಯ ನಟ್ಟನಡುವೆ ಇರುವುದನ್ನು ಕಂಡು, ಅದನ್ನೊಮ್ಮೆ ಮುಟ್ಟಿ ನೋಡಿ ಒಳಗೆ ಹೋಗಿ ಕೂತಿದ್ದಳು. ಭೀಮಬಾಯಿ ಮಾತ್ರ ತನ್ನ ಮನೆಯ ಹೊಸ್ತಿಲಲ್ಲೇ ಕೌದಿ ಹಿಡಿದು ನಿಂತುಬಿಟ್ಟಳು. ಅವಳನ್ನು ಯಾರೂ ತಡೆದಿರಲಿಲ್ಲ. ಕಾಲಿಗೆ ಆ ಜಾಗವೇ ರೂಢಿ.

ಒಳಗೆ ಯಾರೋ ಕೂಸಿಗೆ ಏನಾಗಿತ್ತೆಂದು ಕೇಳಿದರು. ಶಗುಫ್ತಾ ಹೇಳಿದಳು. ರಕ್ತದ ಕಣ, ಸಡಿಲ ಮಡಿಕೆ, ಗುಳಿಗೆ, ಎಲ್ಲ ಹೇಳಿ, ಕೊನೆಗೆ ಹಾಲಿನ ಮಾತನ್ನೂ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಗಮ್ಮನಿಗೆ ಕಿವಿ ಮಂದವಾಗಿ ಬಹಳ ವರ್ಷ.

"ಏನಂತಾಳ ಈ ಪೋರಿ?" ಎಂದಳು.

ಪಕ್ಕದವಳು ಅವಳ ಕಿವಿಯಲ್ಲಿ ಹೇಳಿದಳು. ಕೇಳಲಿಲ್ಲ. ಇನ್ನೊಬ್ಬಳು ಹೇಳಿದಳು. ಕೇಳಲಿಲ್ಲ. ಆಗ ಸುಜಾತಾ ಎದ್ದು ನಿಂತಳು, ಅರವತ್ತು ಮಕ್ಕಳ ಗದ್ದಲವನ್ನು ಅಡಗಿಸುವ ಟೀಚರಿನ ದನಿ ತೆಗೆದು ಕೂಗಿದಳು.

"ನಮ್ಮವ್ವನ ಹಾಲಿಗಿ ಏನೂ ಆಗಿದ್ದಿಲ್ಲಂತ! ಅಂದೂ ಆಗಿದ್ದಿಲ್ಲಂತ!"

ಓಣಿ ತುಂಬ ಕೇಳಿಸಿತು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಿರುಗಿ ನೋಡಿದರಂತೆ. ತಾನು ಎಂದೋ ಆಡಿದ ಮಾತು ಭಾಗಮ್ಮನಿಗೆ ನೆನಪಿತ್ತೋ ಇಲ್ಲವೋ, ದೇವರೇ ಬಲ್ಲ. ಹೊಸ್ತಿಲ ಕಡೆ ಕೈಚಾಚಿ, ಕಿವುಡರ ದೊಡ್ಡ ದನಿಯಲ್ಲೇ ಬೈದಳು.

"ಹಂಗಾದ್ರ ಆಕಿ ಯಾಕ ಅಲ್ಲಿ ನಿಂತಾಳ, ಬಿಕ್ಷಾ ಬೇಡಾಕಿ ನಿಂತಂಗ? ಒಳಗ ಬಾ ಅನ್ರಿ. ತೊಟ್ಟಲದಾಗ ಕೂಸಿಗಿ ಆಕಿನೇ ಹಾಕ್ಲಿ."

ಭೀಮಬಾಯಿ ಹೊಸ್ತಿಲು ದಾಟಿದಳು. ಕೌದಿಯನ್ನು ತೊಟ್ಟಿಲಲ್ಲಿ ಹಾಸಿದಳು, ಸುಕ್ಕು ನೇವರಿಸಿದಳು. ಸುಜಾತಾ ಕೂಸನ್ನು ಅವಳ ಕೈಗೆ ಕೊಟ್ಟಳು. ಹಾಲು ಕುಡಿದು ಹೊಟ್ಟೆ ತುಂಬಿದ ಕೂಸು, ತುಟಿಯ ಅಂಚಿನಲ್ಲಿ ಇನ್ನೂ ಒಂದು ಹನಿ ಹಾಲಿತ್ತು. ಭೀಮಬಾಯಿ ಅದನ್ನು ಒರೆಸಲಿಲ್ಲ. ಕೂಸನ್ನು ಮೆಲ್ಲಗೆ ತೊಟ್ಟಿಲಲ್ಲಿ ಮಲಗಿಸಿ ಹಗ್ಗ ಹಿಡಿದಳು.